ಎಡಿಎಚ್‌ಡಿ ಜೊತೆಗೆ ಅಸ್ತಮಾ, ಐರನ್ನು, ಬಿಪಿ: ನಾನು ಹೆಂಗೆ ನಿಭಾಯಿಸ್ತೀನಿ

ನಂಗೆ ಎಡಿಎಚ್‌ಡಿ, ಅಂದ್ರೆ ಗಮನ ಒಂದ್ಕಡೆ ನಿಲ್ದೆ ಮರೆವು, ಚಡಪಡಿಕೆ ಕಾಡೋ ತೊಂದ್ರೆ, ಇದೆ ಅಂತ ಗೊತ್ತಾಗಿದ್ದು ಮೂವತ್ತು ದಾಟಿದ್ಮೇಲೆ. ಅಸ್ತಮಾ ಸ್ಕೂಲಲ್ಲಿದ್ದಾಗಿಂದಾನೇ ಇದೆ, ಬೆಂಗ್ಳೂರಲ್ಲಿ ಬೆಳೆದವ್ರಿಗೆ ಅದೇನ್ ಹೊಸದಲ್ಲ ಬಿಡಿ. ರಾತ್ರಿ ಮಲಗಿದ್ರೆ ಕಾಲೊಳಗೆ ಏನೋ ಹರಿದಾಡ್ದಂಗಾಗಿ ಎದ್ದು ಓಡಾಡ್ಬೇಕು ಅನ್ಸೋದು ಕಾಲೇಜು ದಿನದಿಂದ ಇದೆ. ಒಂದೊಂದಕ್ಕೂ ಒಬ್ಬೊಬ್ಬ ಡಾಕ್ಟ್ರು, ಒಂದೊಂದು ಫೈಲು, ಒಬ್ರಿಗೆ ಇನ್ನೊಬ್ರು ಏನ್ ಕೊಟ್ಟಿದಾರೆ ಅಂತ ಗೊತ್ತಿರ್ತಿರ್ಲಿಲ್ಲ.

ಆದ್ರೆ ಇವು ಒಟ್ಟಿಗೆ ಬರೋದು ಅಪರೂಪ ಏನಲ್ಲ. 2021ರಲ್ಲಿ ಸ್ವೀಡನ್ನಲ್ಲಿ 47 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಇಟ್ಕೊಂಡು 35 ದೈಹಿಕ ಕಾಯಿಲೆ ನೋಡಿದ್ರು, ಅದ್ರಲ್ಲಿ 34 ಎಡಿಎಚ್‌ಡಿ ಇರೋ ದೊಡ್ಡವ್ರಲ್ಲಿ ಜಾಸ್ತಿ ಕಂಡ್ವು. ಹಂಗಂತ ಎಡಿಎಚ್‌ಡಿಯಿಂದ್ಲೇ ಅವೆಲ್ಲ ಬಂತು ಅಂತಲ್ಲ, ಒಡಹುಟ್ಟಿದವ್ರನ್ನೂ ಹೋಲಿಸಿ ನೋಡಿದಾಗ ವಂಶವಾಹಿ ಪಾಲೇ ದೊಡ್ಡದು ಅಂತ ಗೊತ್ತಾಯ್ತು. ನನ್ನ ಮಟ್ಟಿಗೆ ಇನ್ನೊಂದು ಕಾರಣಾನೂ ಇದೆ, ಯಾವ ಕಾಯಿಲೆಗೆ ಹೋದ್ರೂ ಚೀಟಿ ಕೊನೇಲಿ "ದಿನಾ ತಪ್ಪದೆ" ಅಂತ ಇರುತ್ತಲ್ಲ, ನಂಗೆ ಆಗದೇ ಇರೋದು ಅದೊಂದೇ. ಅಮ್ಮ "ಮನಸ್ಸಿಟ್ರೆ ಎಲ್ಲಾ ನೆನಪಿರತ್ತೆ ಕಣೇ" ಅಂತಾಳೆ, ಇರ್ಲಿ.

ಮೊದ್ಲು ಸರಿ ಮಾಡ್ಕೊಂಡಿದ್ದು ಇನ್‌ಹೇಲರ್. ದಿನಾ ತಗೋಬೇಕಾದ ಸ್ಟೀರಾಯ್ಡ್ ಇನ್‌ಹೇಲರ್ ತಗೊಂಡ್ಮೇಲೆ ಬಾಯಿ ಮುಕ್ಕಳಿಸ್ಲೇಬೇಕು, ಇಲ್ದಿದ್ರೆ ಬಾಯಲ್ಲಿ ಫಂಗಸ್ ಬರ್ಬೋದು. ಸೋ ಅದನ್ನ ಟೂತ್‌ಬ್ರಶ್ ಜೊತೆ ಅದೇ ಲೋಟದಲ್ಲಿ ಇಟ್ಟೆ. ಇನ್‌ಹೇಲರ್, ಆಮೇಲೆ ಬ್ರಶ್. ಅಲಾರಂ ಯಾವ್ದೂ ಇಲ್ಲ, ಅಲಾರಂ ಆಫ್ ಮಾಡೋದ್ರಲ್ಲಿ ನಾನು ಪಿಎಚ್‌ಡಿ.

ಕಾಲಿನ ಕತೆ ದೊಡ್ಡದು. ಅದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಅಂತಾರೆ, ಎಡಿಎಚ್‌ಡಿ ಇರೋರಲ್ಲಿ ಜಾಸ್ತಿ ಕಾಣುತ್ತೆ. ನನ್ನ ಹಿಮೋಗ್ಲೋಬಿನ್ ಯಾವಾಗ್ಲೂ 12ರ ಮೇಲೇ ಇರ್ತಿತ್ತು, ರಿಪೋರ್ಟಲ್ಲಿ ಒಂದು ಕೆಂಪು ಗೆರೆ ಇರ್ತಿರ್ಲಿಲ್ಲ, ಹಂಗಾಗಿ ಯಾರೂ ಮುಂದೆ ನೋಡ್ಲಿಲ್ಲ. ಸೈಕಿಯಾಟ್ರಿಸ್ಟು ಫೆರಿಟಿನ್ ಮಾಡಿಸಿ ಅಂದ್ರು. ಫೆರಿಟಿನ್ ಅಂದ್ರೆ ದೇಹದಲ್ಲಿ ಕೂಡಿಟ್ಟಿರೋ ಐರನ್ ಎಷ್ಟಿದೆ ಅಂತ. ಅದು ಹತ್ತೊಂಬತ್ತು ಬಂತು, ಲ್ಯಾಬಿನವ್ರ ಲೆಕ್ಕದಲ್ಲಿ ಅದೂ ನಾರ್ಮಲ್ಲೇ! ಆದ್ರೆ ಈ ಕಾಲಿನ ತೊಂದ್ರೆ ಇರೋರಿಗೆ ಫೆರಿಟಿನ್ 75 ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಐರನ್ ಕೊಡ್ಬೋದು ಅಂತ ಮಾರ್ಗಸೂಚಿ ಇದೆ. ಮೆದುಳು ಡೋಪಮಿನ್ (ಮೆದುಳಲ್ಲಿ ಸಂದೇಶ ಸಾಗಿಸೋ ಒಂದು ರಾಸಾಯನಿಕ) ಮಾಡ್ಕೊಳ್ಳೋಕೂ ಐರನ್ ಬೇಕು, ಎಡಿಎಚ್‌ಡಿಲೂ ಮಾತು ಬರೋದು ಡೋಪಮಿನ್ ಮೇಲೇನೇ. ತಿಂಗಳು ತಿಂಗಳು ಬ್ಲೀಡಿಂಗ್ ಜಾಸ್ತಿ, ಮಾಂಸ ತಿನ್ನಲ್ಲ, ಊಟ ಆದ ತಕ್ಷಣ ಕಾಫಿ, ಐರನ್ ಎಲ್ಲಿಂದ ಉಳಿಬೇಕು. ಕಾಫಿ ಟೀ ಎರಡೂ ಐರನ್ ಹೀರ್ಕೊಳ್ಳೋದನ್ನ ತಡೆಯುತ್ವೆ.

ಡಾಕ್ಟ್ರು ಮಾತ್ರೆ ದಿನ ಬಿಟ್ಟು ದಿನ ತಗೊಳ್ಳಿ, ಹಂಗೆ ತಗೊಂಡ್ರೆ ದೇಹ ಚೆನ್ನಾಗಿ ಹೀರ್ಕೊಳ್ಳುತ್ತೆ ಅಂದ್ರು. ವಿಜ್ಞಾನ ಸರಿ, ಆದ್ರೆ ದಿನ ಬಿಟ್ಟು ದಿನ ಅಂದ್ರೆ ನಂಗೆ ನಿನ್ನೆ ತಗೊಂಡ್ನಾ ಇಲ್ವಾ ಅನ್ನೋದೇ ಒಂದು ತನಿಖೆ. ಅದಕ್ಕೆ ಸೋಮ, ಬುಧ, ಶುಕ್ರ ಅಂತ ಫಿಕ್ಸ್ ಮಾಡಿಸ್ಕೊಂಡೆ, ವಾರದ ಡಬ್ಬಿಲಿ ಆ ಮೂರು ಖಾನೆಗೆ ಮಾತ್ರ ಹಾಕ್ತೀನಿ, ನಿಂಬೆಹಣ್ಣಿನ ನೀರಲ್ಲಿ ನುಂಗ್ತೀನಿ, ಕಾಫಿ ಒಂದು ಗಂಟೆ ಆದ್ಮೇಲೆ. ಇನ್ನೊಂದು, ನಿದ್ದೆ ಬರಿಸೋ ಹಳೇ ಥರದ ಅಲರ್ಜಿ ಮಾತ್ರೆ ಕಾಲಿನ ತೊಂದ್ರೆ ಜಾಸ್ತಿ ಮಾಡುತ್ತೆ, ನಾನು ಮೂಗು ಸೋರಿದಾಗೆಲ್ಲ ಅದನ್ನೇ ತಗೋತಿದ್ದೆ. ಈಗ ಬದಲಾಯಿಸಿದಾರೆ. (ಟೆಸ್ಟ್ ಮಾಡಿಸ್ದೆ ಐರನ್ ನುಂಗ್ಬೇಡಿ ಮಾರಾಯ್ರೆ, ಜಾಸ್ತಿ ಆದ್ರೂ ಕಷ್ಟ.)

ಇನ್ನು ಎಡಿಎಚ್‌ಡಿ ಮಾತ್ರೆ, ಮೀಥೈಲ್‌ಫೆನಿಡೇಟ್. ಇದು ಎದೆಬಡಿತ, ಬಿಪಿ ಎರಡನ್ನೂ ಸ್ವಲ್ಪ ಏರಿಸುತ್ತೆ, ನಮ್ಮಪ್ಪಂಗೆ ಬಿಪಿ ಇದೆ, ಹಂಗಾಗಿ ಮನೇಲಿ ಮಷಿನ್ ಇಟ್ಟಿದೀನಿ. ಐದು ನಿಮಿಷ ಸುಮ್ನೆ ಕೂತು ಆಮೇಲೆ ನೋಡ್ಬೇಕಂತೆ, ಎಡಿಎಚ್‌ಡಿ ಇರೋರಿಗೆ ಹೇಳೋ ಮಾತಾ ಇದು? ಒಂದು ಹಾಡು ಹಾಕ್ತೀನಿ, ಅದು ಮುಗಿದ್ಮೇಲೆ ಬಟನ್ ಒತ್ತೋದು. ವೀಸಿಂಗ್ ಆದಾಗ ತಗೊಳ್ಳೋ ಸಾಲ್ಬುಟಮಾಲ್ ಇನ್‌ಹೇಲರ್ ಕೂಡ ಎದೆ ಡವಡವ ಮಾಡುತ್ತೆ, ಆ ದಿನ ರೀಡಿಂಗ್ ಪಕ್ಕ "ಪಫ್" ಅಂತ ಬರೀತೀನಿ, ಇಲ್ದಿದ್ರೆ ಯಾವ್ದರಿಂದ ಏನಾಯ್ತು ಅಂತ ಡಾಕ್ಟ್ರಿಗೂ ಗೊತ್ತಾಗಲ್ಲ.

ಹಸಿವು ಅಂತೂ ಮಧ್ಯಾಹ್ನ ಸತ್ತೇ ಹೋಗುತ್ತೆ. ಸಾಯಂಕಾಲ ಮಾತ್ರೆ ಇಳಿದ್ಮೇಲೆ ಬೇಕರಿ ಮುಂದೆ ನಿಂತ್ಕೊಂಡು ಖಾರ ಬನ್ನು, ಪಫ್ಸು, ಕೈಗೆ ಸಿಕ್ಕಿದ್ದೆಲ್ಲ. ತೂಕ ಏರಿದ್ದು ಹಂಗೇನೇ. ಈಗ ಹೊಟ್ಟೆ ತುಂಬ ತಿಂಡಿ ತಿಂದ್ಮೇಲೇ ಮಾತ್ರೆ, ಮಧ್ಯಾಹ್ನ ಹಸಿವಿರ್ಲಿ ಬಿಡ್ಲಿ ಮೊಸರನ್ನ, ನಾಲ್ಕೂವರೆಗೆ ಡ್ರಾಯರಲ್ಲಿರೋ ಹುರಿಗಡಲೆ.

ಈ ಎಡಿಎಚ್‌ಡಿ ಮಾತ್ರೆ ಶೆಡ್ಯೂಲ್ ಎಕ್ಸ್‌ನಲ್ಲಿದೆ, ಅಂದ್ರೆ ಮಾರಾಟಕ್ಕೆ ಬಿಗಿ ನಿಯಮ ಇರೋ ಔಷಧಿಗಳ ಸರ್ಕಾರಿ ಪಟ್ಟೀಲಿ, ಎಲ್ಲಾ ಮೆಡಿಕಲ್ ಶಾಪಲ್ಲೂ ಸಿಗಲ್ಲ, ಚೀಟಿ ಎರಡು ಪ್ರತಿ ಬೇಕು, ಒಂದು ಅಂಗಡಿಯವ್ರು ಇಟ್ಕೋತಾರೆ. ಮರೆವಿಗೆ ಕೊಡೋ ಮಾತ್ರೆ ತರೋಕೆ ಇಷ್ಟೆಲ್ಲ ನೆನಪಿಟ್ಕೋಬೇಕು ನೋಡಿ. ಅದಕ್ಕೆ ಮಾತ್ರೆ ತಂದ ದಿನಾನೇ ಮುಂದಿನ ಅಪಾಯಿಂಟ್‌ಮೆಂಟ್ ತಗೊಂಡ್ಬಿಡ್ತೀನಿ.

ಕೊನೇದಾಗಿ ಒಂದು ಹಾಳೆ. ಯಾವ ಮಾತ್ರೆ, ಎಷ್ಟು, ಯಾರು ಕೊಟ್ಟಿದ್ದು, ಬಿಪಿ ರೀಡಿಂಗು, ಫೆರಿಟಿನ್, ಎಲ್ಲಾ ಒಂದೇ ಪುಟ. ಹಲ್ಲಿನ ಡಾಕ್ಟ್ರಿಗೂ ಅದನ್ನೇ ಕೊಡ್ತೀನಿ. ಜೊತೆಗೆ, "ನಂಗೆ ಎಡಿಎಚ್‌ಡಿ ಇದೆ, ದಿನಕ್ಕೆ ಮೂರು ಸಲ ಅಂದ್ರೆ ಆಗಲ್ಲ, ಒಂದು ಸಲದ್ದು ಇದ್ರೆ ಕೊಡಿ" ಅಂತ ಬಾಯ್ಬಿಟ್ಟು ಕೇಳ್ತೀನಿ. ಕೆಲವ್ರು ಮುಖ ಗಂಟಿಕ್ತಾರೆ, ಆದ್ರೆ ಎಷ್ಟೋ ಸಲ ಒಂದು ಸಲದ್ದು ಇರುತ್ತೆ.