ಪಬ್‌ಮೆಡ್‌ನಲ್ಲಿ ಹುಡುಕಿದ್ದನ್ನು ಉಳಿಸಿಕೊಳ್ಳೋದು ಹೇಗೆ?

ನಾನು ವೈದ್ಯಕೀಯ ಕಾಲೇಜೊಂದರ ಲೈಬ್ರರಿಯಲ್ಲಿದ್ದೇನೆ. ಪಬ್‌ಮೆಡ್ ಅಂದರೆ ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ವೆಬ್‌ಸೈಟು. ಥೀಸಿಸ್ ಬರೆಯುವ ಪಿಜಿ ವಿದ್ಯಾರ್ಥಿಗಳಿಗೆ ಅದರಲ್ಲಿ ಹುಡುಕೋದು ಬೇಗ ಬಂದುಬಿಡುತ್ತದೆ. ಉಳಿಸಿಕೊಳ್ಳೋದನ್ನು ಮಾತ್ರ ಯಾರೂ ಕಲಿತಿರೋದಿಲ್ಲ. ಇಡೀ ದಿನ ಕೂತು ಲೇಖನ ಆರಿಸಿಟ್ಟು, ಮರುದಿನ ಬಂದು 'ಮೇಡಂ, ಒಂದೂ ಕಾಣ್ತಿಲ್ಲ' ಅನ್ನುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರ ಮುಖ ನೋಡಿದರೆ ಸಂಕಟವಾಗುತ್ತದೆ.

ಮಂಗನ ಕಾಯಿಲೆಯನ್ನೇ ತಗೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಅದರ ಇಂಗ್ಲಿಷ್ ಹೆಸರು 'ಕ್ಯಾಸನೂರ್ ಫಾರೆಸ್ಟ್ ಡಿಸೀಸ್', ಚಿಕ್ಕದಾಗಿ ಕೆಎಫ್‌ಡಿ. ಪಬ್‌ಮೆಡ್‌ನಲ್ಲಿ ಆ ಪೂರ್ತಿ ಹೆಸರನ್ನು ಇಂಗ್ಲಿಷಿನಲ್ಲಿ ಹುಡುಕಿ. ಬೇಕಾದ ಲೇಖನಗಳಿಗೆ ಟಿಕ್ ಹಾಕಿ, 'ಸೆಂಡ್ ಟು' ಒತ್ತಿ 'ಕ್ಲಿಪ್‌ಬೋರ್ಡ್' ಆರಿಸಿ. ಅದು ಪಬ್‌ಮೆಡ್‌ನಲ್ಲೇ ಇರುವ ತಾತ್ಕಾಲಿಕ ಪಟ್ಟಿ. ಆಮೇಲೆ ಲಸಿಕೆ ಬಗ್ಗೆ ಒಂದು ಸಲ, ಕಾಯಿಲೆ ಹರಡುವ ಉಣುಗಿನ ಬಗ್ಗೆ ಇನ್ನೊಂದು ಸಲ ಹುಡುಕಿ, ಸಿಕ್ಕಿದ್ದನ್ನೂ ಅಲ್ಲಿಗೇ ಸೇರಿಸುತ್ತಾ ಹೋಗಿ. ಲಾಗಿನ್ ಬೇಕಿಲ್ಲ, 500 ಲೇಖನಗಳವರೆಗೆ ಹಿಡಿಯುತ್ತದೆ. ಆದರೆ 8 ಗಂಟೆಗಳ ಕಾಲ ಮುಟ್ಟದೆ ಬಿಟ್ಟರೆ ಎಲ್ಲ ಖಾಲಿ! 'ಅಡ್ವಾನ್ಸ್‌ಡ್' ಪುಟದಲ್ಲಿರುವ ಹುಡುಕಾಟದ ಹಿಸ್ಟರಿಗೂ ಇದೇ ಗತಿ.

ಹಾಗಾಗಿ ಕ್ಲಿಪ್‌ಬೋರ್ಡ್ ಆ ಒಂದು ದಿನದ ಕೆಲಸಕ್ಕಷ್ಟೇ. ಸಂಜೆ ಏಳುವ ಮುಂಚೆ ಎನ್‌ಸಿಬಿಐ (ಪಬ್‌ಮೆಡ್ ನಡೆಸುವ ಅಮೆರಿಕದ ಸಂಸ್ಥೆ) ಖಾತೆಗೆ ಲಾಗಿನ್ ಆಗಿ. ಗೂಗಲ್ ಖಾತೆ ಇದ್ದರೆ ಸಾಕು, ದುಡ್ಡೇನೂ ಕೊಡಬೇಕಿಲ್ಲ. ಕ್ಲಿಪ್‌ಬೋರ್ಡ್ ತೆರೆದು, ಮತ್ತೆ 'ಸೆಂಡ್ ಟು', ಈ ಸಲ 'ಕಲೆಕ್ಷನ್ಸ್'. ಹೆಸರಿಡುವಾಗ ಸುಮ್ನೆ 'ಥೀಸಿಸ್' ಅಂತ ಇಡಬೇಡಿ. 'ಕೆಎಫ್‌ಡಿ ಲಸಿಕೆ', 'ಕೆಎಫ್‌ಡಿ ಉಣುಗು' ಅಂತ ಬೇರೆ ಬೇರೆ ಇಟ್ಟರೆ ಅಧ್ಯಾಯ ಬರೆಯುವಾಗ ಹುಡುಕಾಡಬೇಕಾಗಿಲ್ಲ.

ಇಲ್ಲೇ ಜಾಸ್ತಿ ಜನ ಗೊಂದಲ ಮಾಡಿಕೊಳ್ಳೋದು. ಕಲೆಕ್ಷನ್‌ನಲ್ಲಿ ಉಳಿಯೋದು ನೀವು ಆರಿಸಿದ ಲೇಖನಗಳ ಪಟ್ಟಿ. ನೀವಾಗಿ ಸೇರಿಸುವವರೆಗೆ ಅದು ಬೆಳೆಯೋದಿಲ್ಲ. ಹುಡುಕು ಪೆಟ್ಟಿಗೆಯ ಕೆಳಗಿನ 'ಕ್ರಿಯೇಟ್ ಅಲರ್ಟ್' ಒತ್ತಿದರೆ ಉಳಿಯೋದು ನೀವು ಹುಡುಕಿದ ಪದಗಳು. ಅದನ್ನು ಮುಂದಿನ ವರ್ಷ ತೆರೆದರೂ ಹೊಸ ಲೇಖನಗಳು ಸೇರಿಯೇ ಬರುತ್ತವೆ. ಎರಡೂ ಬೇಕು. ಒಂದನ್ನೇ ಆರಿಸಿ ಅಂದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಲೇಖನ ಕಳೆದುಹೋದರೆ ಮತ್ತೆ ಸಿಗುತ್ತದೆ. ಯಾವ ಪದ ಹೇಗೆ ಜೋಡಿಸಿ ಹುಡುಕಿದ್ದಿರಿ ಅನ್ನೋದು ಮರೆತರೆ, ಥೀಸಿಸ್‌ನಲ್ಲಿ ಏನಂತ ಬರೆಯುತ್ತೀರಿ, ಅಲ್ವಾ? ಹುಡುಕಿದ ಆ ಪದಗಳ ಸಾಲನ್ನು ತಾರೀಖಿನ ಸಮೇತ ನೋಟ್‌ಬುಕ್ಕಿಗೂ ಇಳಿಸಿಕೊಳ್ಳಿ.

ಅಲರ್ಟ್ ಮಾಡುವಾಗ ಇಮೇಲ್ ದಿನಾ ಬೇಕೋ, ವಾರಕ್ಕೋ, ತಿಂಗಳಿಗೋ ಅಂತ ಕೇಳುತ್ತದೆ. ವಾರಕ್ಕೊಮ್ಮೆ ಇರಲಿ. ಗೈಡ್‌ ಅವರನ್ನು ಕಾಣುವ ಹಿಂದಿನ ದಿನಕ್ಕೆ ಬರುವ ಹಾಗೆ ವಾರದ ದಿನ ಆರಿಸಿಕೊಳ್ಳಿ.

ಲೈಬ್ರರಿ ಕಂಪ್ಯೂಟರಿನಲ್ಲಿ ಕೂತಿದ್ದರೆ ಏಳುವಾಗ ಎನ್‌ಸಿಬಿಐ, ಗೂಗಲ್ ಎರಡರಿಂದಲೂ ಲಾಗ್‌ಔಟ್ ಆಗಿ. ಇಲ್ಲದಿದ್ದರೆ ನಿಮ್ಮ ನಂತರ ಕೂತವರು ಹುಡುಕಿದ್ದೂ ನಿಮ್ಮ ಖಾತೆಗೇ ಸೇರುತ್ತದೆ. ಅವರು ನಿಮ್ಮ ಕಲೆಕ್ಷನ್ ಅಳಿಸಿದರೂ ತಡೆಯುವವರಿಲ್ಲ.