ಕುತ್ತಿಗೆಯ ಬೆನ್ನುಹುರಿಗೆ ಡಿಟಿಐ: ನನ್ನ ಅನುಭವ

ನಾನು ರೇಡಿಯಾಲಜಿಸ್ಟ್. ಕೆಲವು ವರ್ಷಗಳಿಂದ ಕುತ್ತಿಗೆ ಭಾಗದ ಬೆನ್ನುಹುರಿಗೆ ಮಾಮೂಲಿ ಎಂಆರ್‌ಐ ಜೊತೆಗೆ ಡಿಟಿಐ, ಅಂದರೆ ಡಿಫ್ಯೂಷನ್ ಟೆನ್ಸರ್ ಇಮೇಜಿಂಗ್ ಕೂಡ ಮಾಡುತ್ತಿದ್ದೇನೆ. ಮಿದುಳಿಗೆ ಡಿಟಿಐ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಬೆನ್ನುಹುರಿಗೆ ಮಾಡುವವರು ಕಡಿಮೆ, ಯಾಕೆಂದರೆ ಸುಲಭಕ್ಕೆ ಬರುವುದಿಲ್ಲ. ಹೊಸದಾಗಿ ಶುರು ಮಾಡುವ ಪಿಜಿಗಳಿಗೂ ಟೆಕ್ನಿಷಿಯನ್‌ಗಳಿಗೂ ಉಪಯೋಗ ಆಗಲಿ ಅಂತ ನಾನು ಮಾಡುವ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಯಾಕೆ ಬೇಕು ಅನ್ನುವುದು ಮೊದಲು. ನಮ್ಮ ಹತ್ತಿರ ಬರುವ ಬೆನ್ನುಹುರಿ ಕೇಸುಗಳಲ್ಲಿ ಜಾಸ್ತಿ ಸರ್ವೈಕಲ್ ಮೈಲೋಪತಿ. ವಯಸ್ಸಾಗುತ್ತಾ ಡಿಸ್ಕ್ ಉಬ್ಬುತ್ತದೆ, ಮೂಳೆ ಬೆಳೆಯುತ್ತದೆ, ಲಿಗಮೆಂಟ್ ದಪ್ಪವಾಗುತ್ತದೆ, ಮಧ್ಯದಲ್ಲಿ ಹುರಿ ಸಿಕ್ಕಿಕೊಳ್ಳುತ್ತದೆ. ಮಾಮೂಲಿ ಟಿ2 ಚಿತ್ರದಲ್ಲಿ (ನೀರಿನಂಶ ಬೆಳ್ಳಗೆ ಕಾಣುವ ಎಂಆರ್‌ಐ ಚಿತ್ರ) ಹುರಿ ಒತ್ತಿರುವುದು ಚೆನ್ನಾಗಿಯೇ ಕಾಣುತ್ತದೆ. ಆದರೆ ಒಳಗಿನ ನರತಂತುಗಳು ಎಷ್ಟು ಹಾಳಾಗಿವೆ ಅನ್ನುವುದು ಕಾಣುವುದಿಲ್ಲ. ಹುರಿ ಒತ್ತಿಹೋಗಿದ್ದರೂ ಏನೂ ತೊಂದರೆ ಇಲ್ಲದೆ ಓಡಾಡುವ ಹಿರಿಯರು ಎಷ್ಟೋ ಜನ ಇದ್ದಾರೆ. ಇನ್ನು ಕೆಲವರಿಗೆ ಚಿತ್ರದಲ್ಲಿ ಸ್ವಲ್ಪವೇ ಒತ್ತಿರುತ್ತದೆ, ಆದರೆ ಚಪ್ಪಲಿ ಕಾಲಿನಿಂದ ಜಾರಿ ಹೋದದ್ದೂ ಗೊತ್ತಾಗುವುದಿಲ್ಲ, ಅಂಗಿ ಗುಂಡಿ ಹಾಕಲು ಆಗುವುದಿಲ್ಲ. ಟಿ2ನಲ್ಲಿ ಹುರಿಯೊಳಗೆ ಬಿಳಿ ಮಚ್ಚೆ ಕಂಡರೂ ಅದು ಬರೀ ಊತವೋ, ವಾಪಸ್ ಬಾರದ ಹಾನಿಯೋ ಅಂತ ಖಚಿತವಾಗಿ ಹೇಳುವುದು ಕಷ್ಟ.

ಇದರ ಬಿಸಿ ತಟ್ಟುವುದು ಕಾಯಿಲೆ ಇನ್ನೂ ಸಣ್ಣದಾಗಿರುವವರ ವಿಷಯದಲ್ಲಿ. ತೀವ್ರತೆ ಅಳೆಯಲು ಎಂಜೆಒಎ ಅಂತ 18 ಅಂಕಗಳ ಒಂದು ಅಳತೆ ಇದೆ. 15ರಿಂದ 17 ಬಂದರೆ ಮೈಲ್ಡ್, 12ರಿಂದ 14 ಮಧ್ಯಮ, ಅದಕ್ಕಿಂತ ಕಡಿಮೆ ಆದರೆ ತೀವ್ರ. 2017ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಮಧ್ಯಮ ಮತ್ತು ತೀವ್ರ ರೋಗಿಗಳಿಗೆ ಆಪರೇಷನ್ ಮಾಡಬೇಕು. ಮೈಲ್ಡ್ ಇದ್ದವರಿಗೆ ಆಪರೇಷನ್ ಆದರೂ ಸರಿ, ಫಿಸಿಯೋಥೆರಪಿ ಮಾಡಿಸುತ್ತಾ ಗಮನ ಇಟ್ಟು ನೋಡಿದರೂ ಸರಿ. ಆ ಎರಡರಲ್ಲಿ ಯಾವುದು ಅಂತ ತೀರ್ಮಾನಿಸುವಾಗ ನ್ಯೂರೋಸರ್ಜನ್ ನನ್ನ ಕಡೆ ನೋಡುತ್ತಾರೆ. ಡಿಟಿಐ ಶ್ರಮಕ್ಕೆ ತಕ್ಕ ಬೆಲೆ ಕೊಡುವುದು ಇಲ್ಲಿ. ಹುರಿ ತೀರಾ ಚಪ್ಪಟೆಯಾಗಿ, ರೋಗಿ ನಡೆಯಲೇ ಆಗದೆ ಬಂದಿದ್ದರೆ ಸುಮ್ನೆ ಅವರನ್ನು ಇನ್ನಷ್ಟು ಹೊತ್ತು ಮೆಷಿನ್ ಒಳಗೆ ಮಲಗಿಸಬೇಡಿ.

ಸ್ಕ್ಯಾನ್‌ಗೆ ಮುಂಚೆ ನಾನು ರೋಗಿಯನ್ನು ಖುದ್ದು ನೋಡುತ್ತೇನೆ. ಹತ್ತು ಸೆಕೆಂಡ್‌ನಲ್ಲಿ ಎಷ್ಟು ಸಲ ಮುಷ್ಟಿ ಕಟ್ಟಿ ಬಿಡುತ್ತಾರೆ ಅಂತ ಎಣಿಸುತ್ತೇನೆ. 20ಕ್ಕಿಂತ ಕಡಿಮೆ ಆದರೆ ಅನುಮಾನ. ಮಧ್ಯದ ಬೆರಳಿನ ತುದಿ ಚಿಮ್ಮಿಸಿ, ಹೆಬ್ಬೆರಳು ತಾನಾಗಿ ಮಡಚುತ್ತದೆಯೇ ಅಂತ ಹಾಫ್‌ಮನ್ ಚಿಹ್ನೆ ನೋಡುತ್ತೇನೆ. ಒಂದು ಹೆಜ್ಜೆಗೆ ಇನ್ನೊಂದು ಹೆಜ್ಜೆ ತಾಗಿಸಿ ನಡೆಸುತ್ತೇನೆ. ಇಷ್ಟಕ್ಕೆ ಸ್ವಲ್ಪವೇ ಸಮಯ ಸಾಕು. ಇದನ್ನೆಲ್ಲ ಬಿಟ್ಟು ಬರೀ ಅಂಕಿ ಹಿಡಿದುಕೊಂಡರೆ ಆ ಅಂಕಿಗೆ ಅರ್ಥವೇ ಇರುವುದಿಲ್ಲ. ಬಿ12 ವಿಟಮಿನ್ ಬಗ್ಗೆಯೂ ತಪ್ಪದೆ ಕೇಳುತ್ತೇನೆ, ಅದರಲ್ಲೂ ವರ್ಷಗಟ್ಟಲೆ ಶುದ್ಧ ಸಸ್ಯಾಹಾರದಲ್ಲಿ ಇರುವವರನ್ನು. ಬಿ12 ಕೊರತೆಯಾದರೂ ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ. ಅಡ್ಡ ಸ್ಲೈಸ್‌ನಲ್ಲಿ ಹುರಿಯ ಹಿಂಭಾಗದಲ್ಲಿ ತಲೆಕೆಳಗಾದ ವಿ ಅಕ್ಷರದ ಹಾಗೆ ಬಿಳುಪು ಕಂಡರೆ ಮೊದಲು ರಕ್ತ ಪರೀಕ್ಷೆ, ಆಮೇಲೆ ಡಿಸ್ಕ್ ಮಾತು.

ಈಗ ಸ್ಕ್ಯಾನ್. ಡಿಟಿಐ ಅಳೆಯುವುದು ನೀರಿನ ಕಣಗಳ ಚಲನೆಯನ್ನು. ನರತಂತುಗಳು ಸರಿಯಾಗಿದ್ದರೆ ನೀರು ತಂತುವಿನ ಉದ್ದಕ್ಕೆ ಸಲೀಸಾಗಿ ಚಲಿಸುತ್ತದೆ, ಅಡ್ಡಕ್ಕೆ ಅಷ್ಟಾಗಿ ಚಲಿಸುವುದಿಲ್ಲ. ಈ ವ್ಯತ್ಯಾಸವನ್ನು ಎಫ್‌ಎ ಅನ್ನುವ ಸಂಖ್ಯೆ ಹೇಳುತ್ತದೆ, ಸೊನ್ನೆಯಿಂದ ಒಂದರ ಒಳಗೆ. ಆರೋಗ್ಯವಂತರ ಕುತ್ತಿಗೆ ಹುರಿಯಲ್ಲಿ ಅದು ಸುಮಾರು 0.6ರಿಂದ 0.7ರ ಆಸುಪಾಸು ಬರುತ್ತದೆ. ತಂತುಗಳು ಹಾಳಾದರೆ ಇಳಿಯುತ್ತದೆ.

ಕೇಳಲು ಸರಳ, ಅಲ್ವಾ? ಆದರೆ ಹುರಿಯ ದಪ್ಪ ನಮ್ಮ ಕಿರುಬೆರಳಿನಷ್ಟು. ಸುತ್ತಲೂ ದ್ರವ, ಅದರಾಚೆ ಮೂಳೆ, ಡಿಸ್ಕ್, ಕೆಳಗೆ ಶ್ವಾಸಕೋಶದ ಗಾಳಿ. ಒಂದೊಂದರ ಕಾಂತೀಯ ಗುಣವೂ ಬೇರೆ ಬೇರೆ, ಅದಕ್ಕೇ ಚಿತ್ರ ಸೊಟ್ಟಗಾಗುತ್ತದೆ. ಸಾಲದ್ದಕ್ಕೆ ಎದೆ ಬಡಿತ ಒಂದೊಂದಕ್ಕೂ ಹುರಿ ಮೇಲೆ ಕೆಳಗೆ ಅಲುಗಾಡುತ್ತದೆ, ಒತ್ತಿರುವ ಜಾಗದಲ್ಲಿ ಇನ್ನೂ ಜಾಸ್ತಿ. ರೋಗಿ ಉಗುಳು ನುಂಗಿದರೂ ಸ್ಲೈಸ್ ಕೆಡುತ್ತದೆ.

ನಾವು 3 ಟೆಸ್ಲಾ ಕಾಂತಶಕ್ತಿಯ ಮೆಷಿನ್‌ನಲ್ಲಿ ಮಾಡುತ್ತೇವೆ. 1.5ರಲ್ಲೂ ಮಾಡಬಹುದು, ಆದರೆ ಸಿಗ್ನಲ್ ಸಾಲದೆ ಹೆಣಗಬೇಕಾಗುತ್ತದೆ. ನಮ್ಮ ಸೆಟ್ಟಿಂಗ್‌ಗಳಿಗೆ ಆಧಾರ ಸ್ಪೈನ್ ಜನೆರಿಕ್ ಅನ್ನುವ ಪ್ರೋಟೋಕಾಲ್. ಸೀಮೆನ್ಸ್, ಜಿಇ, ಫಿಲಿಪ್ಸ್ ಮೂರೂ ಕಂಪನಿಗಳ ಮೆಷಿನ್‌ಗೆ ಹೊಂದುವ ಹಾಗೆ ಅದನ್ನು ಸಿದ್ಧಮಾಡಿ 2021ರಲ್ಲಿ ಪ್ರಕಟಿಸಿದರು, ಯಾರು ಬೇಕಾದರೂ ಉಚಿತವಾಗಿ ತೆಗೆದುಕೊಳ್ಳಬಹುದು. ಅದರಲ್ಲಿರುವ ಹಾಗೆ ಬಿ ಮೌಲ್ಯ (ನೀರಿನ ಚಲನೆಗೆ ಚಿತ್ರ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 800, ಚಲನೆ ಅಳೆಯುವ ದಿಕ್ಕುಗಳು 30, ಸ್ಲೈಸ್ ದಪ್ಪ 5 ಮಿಲಿಮೀಟರ್. ಸ್ಲೈಸ್‌ಗಳು ಹುರಿಗೆ ನೇರ ಅಡ್ಡವಾಗಿರಬೇಕು. ಕುತ್ತಿಗೆ ಬಾಗಿದ್ದರೆ ಅದಕ್ಕೆ ತಕ್ಕಂತೆ ಓರೆ ಮಾಡಿಕೊಳ್ಳಬೇಕು. ಹುರಿಯ ಸುತ್ತಲಿನ ಸಣ್ಣ ಜಾಗವನ್ನಷ್ಟೇ ಸ್ಕ್ಯಾನ್ ಮಾಡುವ ಸೌಲಭ್ಯ ನಿಮ್ಮ ಮೆಷಿನ್‌ನಲ್ಲಿ ಇದ್ದರೆ ಖಂಡಿತ ಬಳಸಿ, ಸೊಟ್ಟ ಬರುವುದು ಬಹಳ ಕಡಿಮೆಯಾಗುತ್ತದೆ. ಶಿಮ್ ಬಾಕ್ಸ್ ಅನ್ನು, ಅಂದರೆ ಕಾಂತಕ್ಷೇತ್ರವನ್ನು ಸಮ ಮಾಡುವ ಚೌಕವನ್ನು, ಹುರಿ ಮತ್ತು ಅದರ ನಾಳಕ್ಕೆ ಬಿಗಿಯಾಗಿ ಕೂರಿಸಿ. ಕುತ್ತಿಗೆ ಪೂರ್ತಿ ಬರುವಂತೆ ದೊಡ್ಡದಾಗಿ ಇಟ್ಟರೆ ಕೆಲಸ ಕೆಟ್ಟಿತು. ಬೆರಳಿಗೆ ಪಲ್ಸ್ ಸೆನ್ಸರ್ ಹಾಕಿ, ಹೃದಯ ಬಡಿತದ ನಡುವಿನ ಶಾಂತ ಹೊತ್ತಿನಲ್ಲಿ ಚಿತ್ರ ತೆಗೆಯುವಂತೆ ಗೇಟಿಂಗ್ ಮಾಡುತ್ತೇವೆ. ಇದರಿಂದ ಸ್ಕ್ಯಾನ್ ಉದ್ದವಾಗುತ್ತದೆ ಅಂತ ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬಾರದು. ರೋಗಿಗೆ ಮೊದಲೇ ಕನ್ನಡದಲ್ಲಿ ಬಿಡಿಸಿ ಹೇಳುತ್ತೇವೆ: ಟಕಟಕ ಶಬ್ದ ಬರುವಾಗ ಎಂಜಲು ನುಂಗಬೇಡಿ, ಶಬ್ದ ನಿಂತಾಗ ನುಂಗಿ. ಇಷ್ಟು ಹೇಳಿದ್ದಕ್ಕೇ ಚಿತ್ರ ಎಷ್ಟು ಸುಧಾರಿಸುತ್ತದೆ ಅಂತ ನೀವೇ ನೋಡಿ.

ಲೆಕ್ಕಕ್ಕೆ ಸ್ಪೈನಲ್ ಕಾರ್ಡ್ ಟೂಲ್‌ಬಾಕ್ಸ್ ಬಳಸುತ್ತೇನೆ. ಮಾಂಟ್ರಿಯಲ್‌ನ ಪಾಲಿಟೆಕ್ನಿಕ್‌ನಲ್ಲಿ ತಯಾರಾದ ಉಚಿತ ಸಾಫ್ಟ್‌ವೇರ್ ಅದು. ಅಲುಗಾಟ ಸರಿಪಡಿಸುತ್ತದೆ, ಹುರಿಯ ಅಂಚು ಗುರುತಿಸುತ್ತದೆ, ಒಂದು ಮಾದರಿ ಹುರಿಯ ನಕ್ಷೆಗೆ ಹೊಂದಿಸಿ ಹಿಂಭಾಗದ ತಂತುಗಳದ್ದು ಬೇರೆ, ಪಕ್ಕದ ತಂತುಗಳದ್ದು ಬೇರೆ ಎಫ್‌ಎ ಕೊಡುತ್ತದೆ. ಆದರೆ ಅಂಚನ್ನು ಅದು ಸರಿಯಾಗಿ ಗುರುತಿಸಿದೆಯೇ ಅಂತ ಸ್ಲೈಸ್ ಸ್ಲೈಸ್ ಆಗಿ ಕಣ್ಣಿನಿಂದ ನೋಡಲೇಬೇಕು. ಒತ್ತಿರುವ ಕಡೆ ಹುರಿ ತೆಳ್ಳಗಿರುತ್ತದೆ, ಅಂಚಿನಲ್ಲಿ ಸುತ್ತಲಿನ ದ್ರವ ಸ್ವಲ್ಪ ಸೇರಿಕೊಂಡರೂ ಎಫ್‌ಎ ಸುಳ್ಳು ಸುಳ್ಳೇ ಇಳಿಯುತ್ತದೆ. ಹಾಗಾಗಿ ಒತ್ತಿರುವ ಜಾಗದ ಅಂಕಿಯನ್ನಷ್ಟೇ ನಾನು ನಂಬುವುದಿಲ್ಲ. ಮೇಲೆ ಸಿ2-ಸಿ3, ಅಂದರೆ ಕುತ್ತಿಗೆಯ ಎರಡನೇ ಮತ್ತು ಮೂರನೇ ಮೂಳೆಗಳ ಮಟ್ಟದಲ್ಲೂ ಅಳೆಯುತ್ತೇನೆ. ಅಲ್ಲಿ ಚಿತ್ರ ಸ್ವಚ್ಛವಾಗಿ ಬರುತ್ತದೆ. ಕೆಳಗೆ ತಂತು ಸತ್ತಿದ್ದರೆ ಅದರ ಪರಿಣಾಮ ಮೇಲಕ್ಕೆ ಹಬ್ಬಿ, ಹಿಂಭಾಗದ ತಂತುಗಳ ಎಫ್‌ಎ ಅಲ್ಲೂ ಕಡಿಮೆ ಇರುತ್ತದೆ. ಎರಡೂ ಕಡೆ ಇಳಿದಿದ್ದರೆ ಆಗ ಧೈರ್ಯವಾಗಿ ಬರೆಯುತ್ತೇನೆ.

ಎಷ್ಟು ಇಳಿದರೆ ಇಳಿದಂತೆ? ವಯಸ್ಸಾದಂತೆ ಎಫ್‌ಎ ತಾನಾಗಿಯೇ ತಗ್ಗುತ್ತದೆ. ಮೆಷಿನ್ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಬೇರೆಯವರ ಪೇಪರ್‌ನ ಅಂಕಿ ತಂದು ನಮ್ಮ ರೋಗಿಗೆ ಹಾಕಿದರೆ ಅನ್ಯಾಯ. ಅದಕ್ಕೇ ಎಥಿಕ್ಸ್ ಕಮಿಟಿ ಒಪ್ಪಿಗೆ ಪಡೆದು, ಬೇರೆ ಬೇರೆ ವಯಸ್ಸಿನ ಆರೋಗ್ಯವಂತರನ್ನು ನಮ್ಮದೇ ಮೆಷಿನ್‌ನಲ್ಲಿ ಸ್ಕ್ಯಾನ್ ಮಾಡಿ ನಮ್ಮದೇ ಪಟ್ಟಿ ಮಾಡಿಕೊಂಡಿದ್ದೇವೆ. ಸಿಬ್ಬಂದಿ, ಅವರ ಮನೆಯವರು ಬಿಡುವು ಮಾಡಿಕೊಂಡು ಬಂದು ಮಲಗಿದರು. ಈ ಕೆಲಸದಲ್ಲಿ ಅತ್ಯಂತ ಬೇಜಾರಿನ ಭಾಗ ಇದು, ಅತ್ಯಂತ ಮುಖ್ಯವಾದದ್ದೂ ಇದೇ. ಸಾಫ್ಟ್‌ವೇರ್ ಅಪ್‌ಗ್ರೇಡ್ ಆದ ಮೇಲೆ ಮತ್ತೆ ಕೆಲವರನ್ನು ಕರೆಸಿ ಹೋಲಿಸಿ ನೋಡುತ್ತೇವೆ.

ಸಾಗರದ ಕಡೆಯ ಒಬ್ಬ ಹೆಂಗಸು ಬಂದಿದ್ದರು. "ಅಡಿಕೆ ಸುಲಿಯೋಕೆ ಕೂತ್ರೆ ಕೈ ಹಿಡಿತಕ್ಕೇ ಸಿಗಲ್ಲ ಡಾಕ್ಟ್ರೇ" ಅಂದರು. ಬೇರೆ ಕಡೆ ಮಾಡಿಸಿದ ಸ್ಕ್ಯಾನ್‌ನಲ್ಲಿ ವಯಸ್ಸಿನ ಸವೆತ ಅಂತ ಬರೆದಿದ್ದರು. ಎಂಜೆಒಎ 16. ಟಿ2ನಲ್ಲಿ ಸಿ5-ಸಿ6 ಹತ್ತಿರ ಸ್ವಲ್ಪ ಒತ್ತಿತ್ತು, ಬಿಳಿ ಮಚ್ಚೆ ಇರಲಿಲ್ಲ. ಡಿಟಿಐನಲ್ಲಿ ಅಲ್ಲಿ ಎಫ್‌ಎ ನಮ್ಮ ಪಟ್ಟಿಗಿಂತ ಕೆಳಗಿತ್ತು, ಸಿ2-ಸಿ3 ಮಟ್ಟದಲ್ಲಿ ಪಟ್ಟಿಯ ಮಿತಿಯ ಅಂಚಿನಲ್ಲಿತ್ತು. ಸರ್ಜನ್ ಅವರ ಜೊತೆ ಕೂತು ಮಾತಾಡಿ ಕಾದು ನೋಡುವುದು ಅಂತ ತೀರ್ಮಾನಿಸಿದರು. ಆರು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಎರಡೂ ಕಡೆ ಎಫ್‌ಎ ಇಳಿದಿತ್ತು, ಮುಷ್ಟಿ ಎಣಿಕೆಯೂ ಕಡಿಮೆಯಾಗಿತ್ತು. ಆಪರೇಷನ್ ಆಯಿತು. ಕೈ ಹಿಡಿತ ಪೂರ್ತಿ ವಾಪಸ್ ಬಂದಿಲ್ಲ, ಆದರೆ ಇನ್ನಷ್ಟು ಹದಗೆಡುವುದು ನಿಂತಿದೆ. ಡಿಟಿಐ ನನಗೆ ಹೆಚ್ಚು ಕೆಲಸಕ್ಕೆ ಬಂದಿರುವುದು ಹೀಗೆ, ಒಂದೇ ಸಲದ ತೀರ್ಪಾಗಿ ಅಲ್ಲ, ಅದೇ ವ್ಯಕ್ತಿಯನ್ನು ಅದೇ ಮೆಷಿನ್‌ನಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಮತ್ತೆ ನೋಡುವಾಗ.

ಡಿಟಿಐನಂಥ ದುಬಾರಿ ಸೀಕ್ವೆನ್ಸ್ (ಸ್ಕ್ಯಾನ್ ವಿಧಾನ) ಬೇಡದ ಒಂದು ಕೆಲಸವನ್ನೂ ಹೇಳಬೇಕು. ಹದಿಹರೆಯದ ಅಥವಾ ಇಪ್ಪತ್ತರ ಆಸುಪಾಸಿನ ಹುಡುಗನಿಗೆ ಒಂದು ಕೈ ಮಾತ್ರ ಸಣ್ಣಗಾಗುತ್ತಾ ಬಂದಿದ್ದರೆ ಹಿರಯಾಮ ಕಾಯಿಲೆ ನೆನಪಿರಲಿ. ಜಪಾನಿನ ಕೀಜೋ ಹಿರಯಾಮ 1959ರಲ್ಲಿ ಇದನ್ನು ವಿವರಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಡಾ. ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು 1984ರಲ್ಲಿ, ಒಂದೇ ಕೈ ಅಥವಾ ಕಾಲು ಸಣ್ಣಗಾಗುವ ಇಂಥ ರೋಗಿಗಳ ಬಗ್ಗೆ ಮೋನೋಮೆಲಿಕ್ ಅಮಯೋಟ್ರೋಫಿ ಹೆಸರಿನಲ್ಲಿ ಬರೆದರು. ಕುತ್ತಿಗೆ ನೇರ ಇಟ್ಟು ಮಾಡಿದ ಎಂಆರ್‌ಐ ಹೆಚ್ಚುಕಡಿಮೆ ನಾರ್ಮಲ್ ಅನ್ನಿಸಬಹುದು. ತಲೆ ಕೆಳಗೆ ದಿಂಬು ಕೊಟ್ಟು ಕುತ್ತಿಗೆ ಮುಂದಕ್ಕೆ ಬಗ್ಗಿಸಿ ಮಾಡಿದರೆ ಹುರಿಯ ಸುತ್ತಲಿನ ಹೊರಪೊರೆಯ ಹಿಂಭಾಗ ಮುಂದೆ ಸರಿದು ಹುರಿಯನ್ನು ಮೂಳೆಗೆ ಒತ್ತುವುದು, ಹಿಂದೆ ರಕ್ತನಾಳಗಳು ತುಂಬಿಕೊಳ್ಳುವುದು ಎದ್ದು ಕಾಣುತ್ತದೆ. ಗಟ್ಟಿ ನೆಕ್ ಕಾಯಿಲ್ (ಕುತ್ತಿಗೆಗೆ ಹಾಕುವ, ಸಿಗ್ನಲ್ ಹಿಡಿಯುವ ಸಾಧನ) ಒಳಗೆ ಕುತ್ತಿಗೆ ಬಗ್ಗುವುದಿಲ್ಲ, ಬಾಗುವ ಕಾಯಿಲ್ ಸುತ್ತಿ ಮಾಡಿ. ರೋಗ ಬೇಗ ಗೊತ್ತಾದರೆ ಕಾಲರ್ ಹಾಕಿಸಿ ಇನ್ನಷ್ಟು ಹಾನಿಯಾಗುವುದನ್ನು ತಡೆಯಲು ನೋಡಬಹುದು.

ಇನ್ನು ರಿಪೋರ್ಟ್. ಎಫ್‌ಎ ಸಂಖ್ಯೆ, ನಮ್ಮ ಪಟ್ಟಿಯಲ್ಲಿ ಆ ವಯಸ್ಸಿಗೆ ಇರುವ ಮಿತಿ, ಚಿತ್ರದ ಗುಣಮಟ್ಟ, ಮೂರನ್ನೂ ಬರೆಯುತ್ತೇನೆ. ಚಿತ್ರ ಕೆಟ್ಟಿದ್ದರೆ ಸಂಖ್ಯೆ ಕೊಡುವುದೇ ಇಲ್ಲ. ಆಪರೇಷನ್ ಬೇಕು ಅಂತ ಎಂದೂ ಬರೆಯುವುದಿಲ್ಲ, ಅದು ರೋಗಿಯನ್ನು ಪೂರ್ತಿ ನೋಡಿದವರ ಮಾತು. ಟೈಟಾನಿಯಂ ಸ್ಕ್ರೂ, ಪ್ಲೇಟ್ ಹಾಕಿದ ಮೇಲೆ ಆ ಮಟ್ಟದಲ್ಲಿ ಡಿಟಿಐ ಕೆಲಸಕ್ಕೆ ಬರುವುದಿಲ್ಲ, ಹಾಗಾಗಿ ಆಪರೇಷನ್‌ಗೆ ಮುಂಚಿನ ಅಳತೆ ಕೈಯಲ್ಲಿ ಇರಬೇಕು. ರೋಗಿಗಳಿಗೆ, ಅವರ ಮನೆಯವರಿಗೆ ನನ್ನದು ಒಂದೇ ಕೋರಿಕೆ: ಫಿಲ್ಮ್ ಜೊತೆ ಸಿಡಿಯನ್ನೂ ಕೇಳಿ ತೆಗೆದುಕೊಳ್ಳಿ, ಮುಂದಿನ ಸಲ ಬರುವಾಗ ಅದನ್ನು ತನ್ನಿ. ಫಿಲ್ಮ್ ಮೇಲೆ ಎಫ್‌ಎ ಅಳೆಯಲು ಆಗುವುದಿಲ್ಲ.