ಮಳೆ ಪುಸ್ತಕ ಹೊರಗೆ ಬಂದದ್ದು: ಸಂದರ್ಶನ ಕಲಿತ ನನ್ನ ಅನುಭವ

ಕೊಡಗಿನ ಬೆಳೆಗಾರರು, ತೋಟದ ಕೆಲಸದವರು, ಊರಿನ ಹಿರಿಯರು ಇವರನ್ನು ಮಾತಾಡಿಸಿ ನಾನು ಕನ್ನಡದಲ್ಲಿ ಒಂದು ಪಾಡ್‌ಕಾಸ್ಟ್ ಮಾಡುತ್ತೇನೆ. ಹೀಗೇ ಪಾಡ್‌ಕಾಸ್ಟ್ ಮಾಡುವವರೆಲ್ಲ ಸೇರಿದ್ದ ಒಂದು ಸಮಾವೇಶಕ್ಕೆ ಬೆಂಗಳೂರಿಗೆ ಹೋಗಿದ್ದೆ. ಮೈಕು, ಜಾಹೀರಾತು, ಕೇಳುಗರನ್ನು ಹೆಚ್ಚಿಸುವುದು ಅಂತ ಬೇಕಾದಷ್ಟು ಗೋಷ್ಠಿಗಳಿದ್ದವು. ನನ್ನ ಕೆಲಸವನ್ನೇ ಬದಲಿಸಿದ್ದು ಮಾತ್ರ ಸಂದರ್ಶನದ ಕಾರ್ಯಾಗಾರ.

ಅಲ್ಲಿ ನಮ್ಮನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿದರು. ಮೊದಲ ಪ್ರಶ್ನೆ ಮಾತ್ರ ನಮ್ಮ ಇಷ್ಟದ್ದು. ಆಮೇಲೆ ಏನು ಕೇಳಿದರೂ ಎದುರಿನವರು ಈಗಷ್ಟೇ ಆಡಿದ ಮಾತನ್ನು ಹಿಡಿದೇ ಕೇಳಬೇಕು. ಕೈಯಲ್ಲಿ ಚೀಟಿ ಇರಬಾರದು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಅವರು ಮಾತು ನಿಲ್ಲಿಸಿದರೆ ತಕ್ಷಣ ಬಾಯಿ ಹಾಕದೆ ಮನಸ್ಸಿನಲ್ಲೇ ಐದರವರೆಗೆ ಎಣಿಸಬೇಕು. ಮಾಡಿ ನೋಡಿ, ಎರಡನೇ ಪ್ರಶ್ನೆ ಬರುವಷ್ಟರಲ್ಲಿ ಮೈಯೆಲ್ಲಾ ಕಿವಿಯಾಗಿರುತ್ತದೆ.

ಊರಿಗೆ ಬಂದವನೇ ನಾಪೋಕ್ಲು ಕಡೆಯ ಒಬ್ಬ ಹಿರಿಯ ಬೆಳೆಗಾರರ ಜೊತೆ ಕೂತೆ. ವಿಷಯ ಹೂ ಮಳೆ. ಫೆಬ್ರವರಿ, ಮಾರ್ಚ್‌ನಲ್ಲಿ ಸುಮಾರು 1 ಇಂಚು ಮಳೆ ಬಿದ್ದರೆ ರೊಬಸ್ಟಾ ಕಾಫಿಯ ಮೊಗ್ಗು ಎಂಟು ಹತ್ತು ದಿನದಲ್ಲಿ ಅರಳುತ್ತದೆ. ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ಖರ್ಚು ಜಾಸ್ತಿ. ‘ಈಗ ಮಳೆ ಕಡಿಮೆಯಾಗಿದೆಯಾ?’ ಅಂತ ಕೇಳಿದರೆ ‘ಹೌದು’ ಅಂತ ಅಲ್ಲಿಗೇ ಮುಗಿಯುತ್ತದೆ, ಅಲ್ವಾ? ಹಾಗಾಗಿ ನಾನು ಕೇಳಿದ್ದು ಬೇರೆ.

‘ಹೂ ಮಳೆ ಬಂದ ಮರುದಿನ ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತೀರಿ?’

‘ಮಳೆ ಗೇಜ್ ನೋಡ್ತೇನೆ. ಬರೆದಿಡ್ತೇನೆ.’

‘ಎಲ್ಲಿ ಬರೀತೀರಿ?’

ಅವರು ಸುಮ್ಮನಾದರು. ನಾನೂ ಸುಮ್ನೆ ಕೂತೆ. ಆಮೇಲೆ ಎದ್ದು ಒಳಗೆ ಹೋಗಿ ಒಂದು ರಟ್ಟಿನ ಪುಸ್ತಕ ತಂದರು. ಅವರ ಅಪ್ಪ ಶುರುಮಾಡಿದ ಮಳೆ ಲೆಕ್ಕ, ಇಂಚು ಮತ್ತು ಸೆಂಟ್‌ಗಳಲ್ಲಿ (ಒಂದು ಇಂಚಿಗೆ ನೂರು ಸೆಂಟ್). ಹಳೆಯ ಪುಟಗಳಲ್ಲಿ ಅಪ್ಪನ ಶಾಯಿ ಅಕ್ಷರ, ಮುಂದೆ ಇವರ ಬಾಲ್‌ಪೆನ್ನು. ಅಂಚಿನಲ್ಲಿ ಮನೆಯ ಸುದ್ದಿ: ದನ ಕರು ಹಾಕಿದ್ದು, ಆನೆ ಬೇಲಿ ಮುರಿದದ್ದು, ಮಗಳ ಮದುವೆ ದಿನ ಸುರಿದ ಮಳೆ. ಒಂದೊಂದೇ ಓದುತ್ತಾ ಹೋದರು. ನಾನು ಬಾಯಿ ಬಿಚ್ಚಿದ್ದು ತೀರಾ ಕಡಿಮೆ. ಆ ಸಂಚಿಕೆಯ ಜೀವ ಅದೇ.

ನಮ್ಮವರ ಜೊತೆ ಒಂದು ಸಂಗತಿ ಮೊದಲೇ ಮಾತಾಡಿಕೊಳ್ಳಬೇಕು. ಯಾರಾದರೂ ಕಥೆ ಹೇಳುವಾಗ ‘ಹೂಂ, ಹೌದಾ’ ಅನ್ನುವುದು ನಮಗೆ ಅಭ್ಯಾಸ. ಅದು ಅವರ ಧ್ವನಿಯ ಮೇಲೇ ಕೂತರೆ ಎಡಿಟಿಂಗ್‌ನಲ್ಲಿ ತೆಗೆಯಲು ಆಗುವುದಿಲ್ಲ. ಹಾಗಂತ ಹೂಂಗುಟ್ಟದಿದ್ದರೆ ಹಿರಿಯರು ಇವನು ಕೇಳ್ತಾನೇ ಇಲ್ಲ ಅಂದುಕೊಂಡು ಮಾತು ನಿಲ್ಲಿಸುತ್ತಾರೆ. ‘ನಾನು ತಲೆ ಮಾತ್ರ ಆಡಿಸ್ತೇನೆ, ನೀವು ಹೇಳ್ತಾ ಹೋಗಿ’ ಅಂತ ಮೈಕ್ ಹಾಕುವಾಗಲೇ ಹೇಳಿಬಿಡುತ್ತೇನೆ.

ಮಾತು ಇಲ್ಲಿನ ಅರೆಭಾಷೆಗೋ ಕೊಡವ ತಕ್ಕಿಗೋ (ಕೊಡವರ ಭಾಷೆ) ಹೊರಳಿದರೆ ತಡೆಯುವುದಿಲ್ಲ. ಮುಗಿದ ಮೇಲೆ ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿಸುತ್ತೇನೆ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಮಾತ್ರ ರೆಕಾರ್ಡ್ ಮಾಡಬೇಡಿ. ಆ ಸದ್ದು ಧ್ವನಿಯ ಜೊತೆ ಎಷ್ಟು ಬೆರೆತುಹೋಗುತ್ತದೆ ಅಂದರೆ, ಸಾಫ್ಟ್‌ವೇರ್‌ನಲ್ಲಿ ಬಿಡಿಸಲು ಹೋದರೆ ಮಾತೇ ಕೆಡುತ್ತದೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮಕ್ಕಂದೂರು ಕಡೆ ಮಾತಾಡಿಸುವಾಗ ನಾನು ಇನ್ನೂ ನಿಧಾನ. ‘ಆಗ ನಿಮಗೆ ಹೇಗನಿಸಿತು?’ ಅಂತ ಕೇಳುವುದೇ ಇಲ್ಲ. ಮನೆ ಕಳೆದುಕೊಂಡವರ ಬಾಯಿಂದ ಅದನ್ನು ಹೇಳಿಸುವ ಹಕ್ಕು ನನಗಿಲ್ಲ. ‘ಮನೆ ಅಂಗಳದಲ್ಲಿ ಏನೆಲ್ಲಾ ಇತ್ತು?’ ಅಂತ ಕೇಳುತ್ತೇನೆ. ಹಲಸಿನ ಮರ, ಕಾಫಿ ಒಣಗಿಸುವ ಕಣ, ಬಚ್ಚಲ ಹಂಡೆ ಅಂತ ಹೇಳುತ್ತಾ ಹೋಗುತ್ತಾರೆ. ದುಃಖ ಬಂದರೆ ತಾನಾಗಿ ಬರುತ್ತದೆ, ಬರದಿದ್ದರೂ ಸರಿ. ರೆಕಾರ್ಡರ್ ಅವರ ಕೈಗೆ ಎಟುಕುವಂತೆ ಇಟ್ಟು, ಬೇಡ ಅನಿಸಿದಾಗ ಯಾವ ಗುಂಡಿ ಒತ್ತಬೇಕು ಅಂತ ತೋರಿಸುತ್ತೇನೆ. ಎಡಿಟ್ ಆದ ಮೇಲೆ ಅವರ ಮನೆಯಲ್ಲೇ ಕೂತು ಪೂರ್ತಿ ಕೇಳಿಸುತ್ತೇನೆ. ಅವರು ‘ಇದೊಂದು ಬೇಡ’ ಅಂದ ಮಾತನ್ನು ಕಾರಣ ಕೇಳದೆ ತೆಗೆದುಬಿಡುತ್ತೇನೆ.